ಒಂದೇ ಸಂಖ್ಯೆಯ ಹೆದ್ದಾರಿ, ಊರಿಗೊಂದು ಅಗಲ: ರಾಷ್ಟ್ರೀಯ ಹೆದ್ದಾರಿ 66 ಹೀಗೇಕೆ?

ಪ್ರಶ್ನೆ: ನಾನು ಬೈಂದೂರು ಕಡೆಯವನು. ಸರಕು ಸಾಗಣೆ ನನ್ನ ಕಸುಬು. ಕಾಸರಗೋಡಿನಿಂದ ಪನ್ವೇಲ್‌ವರೆಗೆ ಓಡಾಡುತ್ತಿರುತ್ತೇನೆ. ಕೇರಳದ ಗಡಿಯಲ್ಲಿರುವ ತಲಪಾಡಿಯ ಆಚೆ ಆರು ಪಥ, ಈಚೆ ನಾಲ್ಕು ಪಥ, ಮಹಾರಾಷ್ಟ್ರದಲ್ಲಿ ವರ್ಷಗಟ್ಟಲೆ ಮುಗಿಯದ ಕಾಮಗಾರಿ. ಒಂದೇ ಸಂಖ್ಯೆಯ ಹೆದ್ದಾರಿಗೆ ಇಷ್ಟೊಂದು ರೂಪ ಏಕೆ? ಇಷ್ಟು ವರ್ಷ ಏಕೆ ಹಿಡಿಯುತ್ತಿದೆ? ಹಳೆಯ ರಸ್ತೆಯನ್ನೇ ಅಗಲ ಮಾಡುತ್ತಾ ಕೂರುವ ಬದಲು ನೇರವಾಗಿ ಹೊಸ ರಸ್ತೆಯನ್ನೇ ಹಾಕಬಹುದಿತ್ತಲ್ಲವೇ? ನಮ್ಮ ಮನೆ ಹೆದ್ದಾರಿಗೆ ತಾಗಿಕೊಂಡೇ ಇದೆ. ನಾಳೆ ಇಲ್ಲಿಗೂ ಆರು ಪಥ ಬಂದರೆ ಮತ್ತೆ ಜಾಗ ಹೋಗುತ್ತದೆಯೇ?

ಉತ್ತರ: ನಿಮ್ಮ ಎಲ್ಲ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಹೆದ್ದಾರಿಯ ಅಗಲ ಮೊದಲಿಗೆ ಜಾಗದ ಮಾತು. ಜಲ್ಲಿ, ಡಾಂಬರು, ಯಂತ್ರಗಳು ಬರುವುದು ಆಮೇಲೆ. ಯಾವ ಊರಿನಲ್ಲಿ ಯಾವ ವರ್ಷ ಎಷ್ಟು ಜಾಗ ಸಿಕ್ಕಿತು, ಅದಕ್ಕೆ ಹಣ ಕೊಟ್ಟವರು ಯಾರು ಎಂಬುದನ್ನು ತಿಳಿದುಕೊಂಡರೆ ಪನ್ವೇಲ್‌ನಿಂದ ಕನ್ಯಾಕುಮಾರಿವರೆಗಿನ ಸುಮಾರು 1,600 ಕಿಲೋಮೀಟರಿನ ಈ ರಸ್ತೆ ಎಲ್ಲಿ ಹಿಗ್ಗಿದೆ, ಎಲ್ಲಿ ಕುಗ್ಗಿದೆ, ಏಕೆ ಎಂಬುದು ತಾನಾಗಿ ತಿಳಿಯುತ್ತದೆ.

ಈ ದಾರಿ ಮೂಲತಃ ಒಂದೇ ರಸ್ತೆಯಾಗಿ ಹುಟ್ಟಿದ್ದಲ್ಲ. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ಪಶ್ಚಿಮ ಕರಾವಳಿ ಹಲವು ಆಡಳಿತಗಳ ನಡುವೆ ಹರಿದು ಹಂಚಿಹೋಗಿತ್ತು. ದಕ್ಷಿಣ ಕನ್ನಡ ಮತ್ತು ಮಲಬಾರ್ ಮದ್ರಾಸ್ ಪ್ರಾಂತ್ಯದಲ್ಲಿ, ಉತ್ತರ ಕನ್ನಡ ಮತ್ತು ರತ್ನಾಗಿರಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಡುವೆ ಪೋರ್ಚುಗೀಸರ ಗೋವಾ, ತೆಂಕಣದಲ್ಲಿ ಕೊಚ್ಚಿ ಮತ್ತು ತಿರುವಾಂಕೂರು ಸಂಸ್ಥಾನಗಳು. ಒಬ್ಬೊಬ್ಬರೂ ತಮ್ಮ ಬಂದರಿನಿಂದ ತಮ್ಮ ಘಾಟಿಯ ಕಡೆಗೆ ರಸ್ತೆ ಮಾಡಿಕೊಂಡಿದ್ದರು. ಸರಕು ಹೋಗುತ್ತಿದ್ದದ್ದು ಕಡಲಿನಿಂದ ಘಟ್ಟದ ಮೇಲಕ್ಕೆ. ಕರಾವಳಿಯ ಉದ್ದಕ್ಕೂ ಹೋಗುವವರಿಗೆ ದೋಣಿ, ಹಡಗುಗಳಿದ್ದವು. ತೆಂಕು ಬಡಗಾಗಿ ಒಂದು ರಸ್ತೆ ಬೇಕು ಎಂಬ ಆಲೋಚನೆ ಬಲಗೊಂಡದ್ದು ಮೊದಲ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ, ‘ಪಶ್ಚಿಮ ಕರಾವಳಿ ರಸ್ತೆ’ ಎಂಬ ಹೆಸರಿನಲ್ಲಿ. ಆಗಲೂ ಮಾಡಿದ್ದು ಇದ್ದ ತುಂಡುಗಳನ್ನು ಜೋಡಿಸುವ ಕೆಲಸವನ್ನೇ. ಪೇಟೆಯಿಂದ ಪೇಟೆಗೆ, ಕಡವಿನಿಂದ ಕಡವಿಗೆ ಹೋಗುತ್ತಿದ್ದ ದಾರಿಯೇ ಮುಂದೆ ರಾಷ್ಟ್ರೀಯ ಹೆದ್ದಾರಿ 17 ಆಯಿತು. ಇವತ್ತು ನೀವು ಅಂಕೋಲಾದಲ್ಲಿ, ಕುಮಟಾದಲ್ಲಿ, ಹೊನ್ನಾವರದಲ್ಲಿ ಊರೊಳಗೇ ಹಾದುಹೋಗುತ್ತೀರಿ ಎಂದರೆ ಅದರ ಮೂಲ ಇಲ್ಲಿದೆ.

ನದಿಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ, ನೇತ್ರಾವತಿ ಇವೆಲ್ಲವನ್ನೂ ಈ ರಸ್ತೆ ದಾಟುವುದು ಸಮುದ್ರ ಸೇರುವ ಜಾಗಕ್ಕೆ ಹತ್ತಿರದಲ್ಲಿ, ಅಂದರೆ ಹೊಳೆ ಅತ್ಯಂತ ಅಗಲವಾಗಿರುವ ಮತ್ತು ಉಬ್ಬರದ ಉಪ್ಪುನೀರು ಒಳಗೆ ನುಗ್ಗುವ ಜಾಗದಲ್ಲಿ. ಸೇತುವೆಗಳು ಬರುವ ಮೊದಲು ಹೊಳೆಯ ಒಂದು ದಡಕ್ಕೆ ಬಸ್ಸು ಬಂದು ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ಕಾರವಾರದ ಕಾಳಿ ನದಿಗೆ ಮತ್ತು ಗೋವಾದ ಜುವಾರಿ ನದಿಗೆ ಹೆದ್ದಾರಿಯ ಸೇತುವೆ ಬಂದದ್ದು 1980ರ ದಶಕದಲ್ಲಿ. ಮಂಗಳೂರಿನಿಂದ ಪಣಜಿಗೆ ಈ ಹೆದ್ದಾರಿಯಲ್ಲಿ ದೋಣಿಯ ಹಂಗಿಲ್ಲದೆ ಹೋಗುವುದು ಸಾಧ್ಯವಾಗಿ ಇನ್ನೂ ಅರ್ಧ ಶತಮಾನ ಕೂಡ ಆಗಿಲ್ಲ. ಈ ಹೆದ್ದಾರಿಯನ್ನು ಮೇಲ್ದರ್ಜೆಗೆ ಏರಿಸುವ ಕೆಲಸದ ಮೊದಲ ಕಂತು ಸೇತುವೆಗಳೇ ಎಂದು ನಾನು ಲೆಕ್ಕ ಹಿಡಿಯುತ್ತೇನೆ, ಚತುಷ್ಪಥವಲ್ಲ.

ಇನ್ನು ಸಂಖ್ಯೆ. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟಿತು. ಉತ್ತರ ದಕ್ಷಿಣವಾಗಿ ಹೋಗುವವಕ್ಕೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತಾ ಹೋಗುತ್ತದೆ. ಪೂರ್ವ ಪಶ್ಚಿಮವಾಗಿ ಹೋಗುವವಕ್ಕೆ ಬೆಸಸಂಖ್ಯೆ. ಆಗ ಪನ್ವೇಲ್‌ನಿಂದ ಕೊಚ್ಚಿಯ ಇಡಪಳ್ಳಿವರೆಗಿದ್ದ ಹಳೆಯ 17ನೇ ಹೆದ್ದಾರಿಗೆ, ಅಲ್ಲಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ 47ನೇ ಹೆದ್ದಾರಿಯ ತುಂಡನ್ನು ಸೇರಿಸಿ 66 ಎಂದು ಕರೆದರು. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಹೀಗೆ ಐದು ರಾಜ್ಯ, ನಡುವೆ ಪುದುಚೇರಿಗೆ ಸೇರಿದ ಮಾಹೆ. ಸಂಖ್ಯೆ ಒಂದಾಯಿತು, ಆದರೆ ಭೂಸ್ವಾಧೀನ, ಗುತ್ತಿಗೆ, ಮೇಲ್ವಿಚಾರಣೆ ಎಲ್ಲವೂ ತುಂಡು ತುಂಡಾಗಿಯೇ ಉಳಿದವು. ಕೆಲವೆಡೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ, ಇನ್ನು ಕೆಲವೆಡೆ ಆಯಾ ರಾಜ್ಯದ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ ಕೆಲಸ ನೋಡಿಕೊಳ್ಳುತ್ತದೆ. ಮಹಾರಾಷ್ಟ್ರ ಒಂದರಲ್ಲೇ ಪನ್ವೇಲ್‌ನಿಂದ ಇಂದಾಪುರದವರೆಗೆ ಒಬ್ಬರು, ಅಲ್ಲಿಂದ ಕೆಳಗೆ ಇನ್ನೊಬ್ಬರು.

ಒಂದು ರಸ್ತೆಯನ್ನು ಅಗಲ ಮಾಡಬೇಕೆಂದು ತೀರ್ಮಾನಿಸುವುದು ಹೇಗೆ? ರಸ್ತೆ ಬದಿಯಲ್ಲಿ ವಾಹನ ಎಣಿಸುತ್ತಾರೆ. ಒಂದು ಕಾರು ಒಂದು ಘಟಕ, ಲಾರಿ ಅಥವಾ ಬಸ್ಸು ಮೂರು ಘಟಕ, ದ್ವಿಚಕ್ರ ವಾಹನ ಅರ್ಧ ಘಟಕ. ಬಯಲು ಸೀಮೆಯ ದ್ವಿಪಥ ರಸ್ತೆ, ಅಂದರೆ ಏಳು ಮೀಟರ್ ಅಗಲದ ಡಾಂಬರು, ದಿನಕ್ಕೆ ಸುಮಾರು 15,000 ಘಟಕಗಳನ್ನು ಸರಾಗವಾಗಿ ಹೊರಬಲ್ಲದು ಎಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅದನ್ನು ಮೀರಿದರೆ ಮೊದಲು ಎರಡೂ ಬದಿಗೆ ಒಂದೂವರೆ ಮೀಟರ್ ಡಾಂಬರು ಸೇರಿಸಿ ಹತ್ತು ಮೀಟರ್ ಮಾಡಬಹುದು, ಇಲ್ಲವೇ ನಾಲ್ಕು ಪಥಕ್ಕೆ ಹೋಗಬಹುದು. ಕಾಗದದ ಮೇಲೆ ಇದು ಸುಲಭ. ಕರಾವಳಿಯ ತೊಡಕು ಏನೆಂದರೆ ಇಲ್ಲಿ ವಾಹನದ ಒತ್ತಡ ಎಲ್ಲಿ ಹೆಚ್ಚೋ ಅಲ್ಲೇ ಮನೆಗಳೂ ಅಂಗಡಿಗಳೂ ಒತ್ತೊತ್ತಾಗಿವೆ. ಎಲ್ಲಿ ಅಗಲ ಬೇಕೋ ಅಲ್ಲಿ ಜಾಗವಿಲ್ಲ.

ತಲಪಾಡಿಯಲ್ಲಿ ನೀವು ಕಾಣುವ ವ್ಯತ್ಯಾಸಕ್ಕೆ ಈಗ ಬರೋಣ. ಇಂಥ ಹೆದ್ದಾರಿಗೆ ಕೇಂದ್ರದ ಮಾಮೂಲಿ ಲೆಕ್ಕ 60 ಮೀಟರ್ ಅಗಲದ ಜಾಗ. ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಕೇರಳದಲ್ಲಿ ಅಷ್ಟು ಜಾಗ ಸಿಗುವುದು ಕನಸಿನ ಮಾತು. ಅಲ್ಲಿನ ಪಕ್ಷಗಳೆಲ್ಲ ಸೇರಿ 2010ರಲ್ಲಿ 30 ಮೀಟರ್ ಸಾಕು ಎಂದು ಕೇಳಿದವು. 45ಕ್ಕಿಂತ ಕಡಿಮೆಯಾದರೆ ಆಗುವುದಿಲ್ಲ ಎಂದು ಕೇಂದ್ರ ಪಟ್ಟು ಹಿಡಿಯಿತು. ವರ್ಷಗಳು ಹೋದವು. ಕೊನೆಗೆ ಕೇರಳ 45 ಮೀಟರಿಗೆ ಒಪ್ಪಿತು. 2019ರಲ್ಲಿ ಭೂಸ್ವಾಧೀನದ ವೆಚ್ಚದ ಕಾಲು ಭಾಗವನ್ನು ತಾನೇ ಹೊರುವುದಾಗಿಯೂ ಒಪ್ಪಂದ ಮಾಡಿಕೊಂಡಿತು. ಹಾಗೆ ಆ ರಾಜ್ಯ ಕೊಟ್ಟದ್ದು ಐದೂವರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಜಾಗ ಕೈಗೆ ಬಂದ ಮೇಲೆ, ಅಷ್ಟು ಹೊತ್ತಿಗೆ ವಾಹನಗಳೂ ಬೆಳೆದಿದ್ದರಿಂದ, ನಾಲ್ಕರ ಮೆಟ್ಟಿಲನ್ನು ಬಿಟ್ಟು ನೇರವಾಗಿ ಆರು ಪಥಕ್ಕೇ ಕೈ ಹಾಕಿದರು.

ನಾವು ಮೊದಲೇ ಶುರು ಮಾಡಿದ್ದೆವು. ಕುಂದಾಪುರದಿಂದ ಸುರತ್ಕಲ್, ಮಂಗಳೂರಿನಿಂದ ತಲಪಾಡಿ ಚತುಷ್ಪಥದ ಕೆಲಸ ಆರಂಭವಾದಾಗ ನಾಲ್ಕು ಪಥವೇ ದೊಡ್ಡ ಮಾತಾಗಿತ್ತು. ಗುತ್ತಿಗೆದಾರರೇ ಬಂಡವಾಳ ಹೂಡಿ ಟೋಲ್ ಸಂಗ್ರಹದಿಂದ ಹಿಂಪಡೆಯುವ ಪದ್ಧತಿಯಲ್ಲಿ ಅದನ್ನು ವಹಿಸಲಾಯಿತು. ಆಮೇಲೆ 2014ರ ಹೊತ್ತಿಗೆ ಗೋವಾ ಗಡಿಯಿಂದ ಕುಂದಾಪುರದವರೆಗಿನ ಸುಮಾರು 190 ಕಿಲೋಮೀಟರ್ ಇನ್ನೊಂದು ಗುತ್ತಿಗೆಯಾಗಿ ಶುರುವಾಯಿತು. ಮೊದಲು ಎದ್ದವರಿಗೆ ನಾಲ್ಕು ಪಥ, ತಡವಾಗಿ ಎದ್ದವರಿಗೆ ಆರು ಪಥ ಎಂದಾದದ್ದು ಹೀಗೆ. ಟೋಲ್ ನಂಬಿದ ಗುತ್ತಿಗೆಯ ದೊಡ್ಡ ದೋಷವೂ ನಮ್ಮಲ್ಲೇ ಎದ್ದು ಕಂಡಿತು. ಸಾಲ ಸಿಗದೆ ಹೋದರೆ, ಜಾಗ ತಡವಾದರೆ, ಗುತ್ತಿಗೆದಾರರ ಕೈ ಬರಿದಾಗುತ್ತದೆ. ಆಗ ಲಾಭ ತರುವ ಉದ್ದನೆಯ ಬಯಲು ರಸ್ತೆ ಮುಗಿದು, ಕಷ್ಟದ ಮೇಲ್ಸೇತುವೆಗಳು ಅರ್ಧಕ್ಕೇ ನಿಲ್ಲುತ್ತವೆ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ 2010ರಲ್ಲಿ ಶುರುವಾಗಿ ಸಂಚಾರಕ್ಕೆ ತೆರೆದದ್ದು 2020ರ ಜನವರಿ ಕೊನೆಯಲ್ಲಿ. ಕುಂದಾಪುರದ ಶಾಸ್ತ್ರಿ ಸರ್ಕಲ್ ಮೇಲ್ಸೇತುವೆಯ ಪಾಡನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಸುರತ್ಕಲ್ ಟೋಲ್ ಗೇಟ್ ವಿರುದ್ಧ ಜನ ವರ್ಷಗಟ್ಟಲೆ ಹೋರಾಡಿದ್ದು ಸುಮ್ಮನೆ ಅಲ್ಲ. ಎರಡು ಟೋಲ್ ಕೇಂದ್ರಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರಬೇಕೆಂಬುದು 2008ರ ಟೋಲ್ ನಿಯಮ. ಅದಕ್ಕಿಂತ ಬಹಳ ಹತ್ತಿರದಲ್ಲಿ ಹೆಜಮಾಡಿಯ ಟೋಲ್ ಕೇಂದ್ರ ಇತ್ತು. 2022ರ ಡಿಸೆಂಬರ್ 1ರಿಂದ ಸುರತ್ಕಲ್‌ನಲ್ಲಿ ವಸೂಲಿ ನಿಂತು ಅದನ್ನು ಹೆಜಮಾಡಿಗೆ ಸೇರಿಸಲಾಯಿತು.

ಮಹಾರಾಷ್ಟ್ರದ ತಡಕ್ಕೆ ಕಾರಣಗಳು ಬೇರೆ. ಪನ್ವೇಲ್ ಇಂದಾಪುರ ನಡುವಿನ 84 ಕಿಲೋಮೀಟರ್ 2011ರಲ್ಲೇ ಶುರುವಾಯಿತು. ಕರ್ನಾಳಾ ಪಕ್ಷಿಧಾಮದ ನಡುವೆ ಹೋಗುವುದರಿಂದ ಅರಣ್ಯ ಅನುಮತಿ, ಜತೆಗೆ ಭೂಸ್ವಾಧೀನ, ಗುತ್ತಿಗೆದಾರರ ಹಣದ ಮುಗ್ಗಟ್ಟು ಎಲ್ಲವೂ ಸೇರಿ ಅದು ನ್ಯಾಯಾಲಯದ ಮೆಟ್ಟಿಲೇರಿತು. ಅದರ ಕೆಳಗಿನ ಭಾಗವನ್ನು ಹಲವು ಗುತ್ತಿಗೆಗಳಾಗಿ ಒಡೆದರು. ಸಿಂಧುದುರ್ಗದ ಕಡೆಯದು ಬೇಗ ಮುಗಿಯಿತು, ಚಿಪ್ಳೂಣ, ಸಂಗಮೇಶ್ವರದ ಕಡೆ ಎಳೆಯಿತು. ಕಶೇಡಿ ಘಾಟಿಗೆ ಈಗ ಜೋಡಿ ಸುರಂಗ ಬಂದಿದೆ. ಲಾರಿಯವರಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ಗೋವಾ ಚಿಕ್ಕ ರಾಜ್ಯ, ಅಲ್ಲಿ ಹಣ ಹೋದದ್ದು ಮುಖ್ಯವಾಗಿ ಹೊಳೆಗಳ ಮೇಲೆ: 2019ರ ಜನವರಿಯಲ್ಲಿ ಮಾಂಡೋವಿಯ ಮೂರನೇ ಸೇತುವೆ, ಅದೇ ವರ್ಷ ಕಾಣಕೋಣ ಬೈಪಾಸ್, 2022ರ ಕೊನೆಗೆ ಜುವಾರಿಯ ಹೊಸ ಸೇತುವೆಯ ಒಂದು ಬದಿ, ಮರುವರ್ಷ ಇನ್ನೊಂದು ಬದಿ.

ಈಗ ನಿಮ್ಮ ಮೂರನೇ ಪ್ರಶ್ನೆ: ಹೊಸದನ್ನೇ ಏಕೆ ಹಾಕಲಿಲ್ಲ? ಕೊಂಕಣ ರೈಲ್ವೆಯನ್ನು ತೋರಿಸಿ ಬಹಳ ಜನ ಇದನ್ನು ಕೇಳುತ್ತಾರೆ. 1990ರಲ್ಲಿ ಶುರುವಾಗಿ 1998ರಲ್ಲಿ 741 ಕಿಲೋಮೀಟರ್ ಹಳಿ ಓಡಾಟಕ್ಕೆ ಸಿದ್ಧವಾಯಿತಲ್ಲ ಎಂದು. ಅದು ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೆ ಒಂಟಿ ಹಳಿಗೆ ಬೇಕಾದ ಪಟ್ಟಿ ಕಿರಿದು. ರೈಲಿಗೆ ನಿಲ್ದಾಣದಲ್ಲಿ ಮಾತ್ರ ಜನ ಸಿಕ್ಕರೆ ಸಾಕು. ಹಾಗಾಗಿ ಅದು ಊರುಗಳನ್ನು ಬಿಟ್ಟು ಗುಡ್ಡ ಕೊರೆದುಕೊಂಡು ಹೋಗಬಹುದು. ಹೆದ್ದಾರಿಗೆ 45 ಮೀಟರ್ ಬೇಕು, ಪ್ರತಿ ಊರಿಗೂ ಸಂಪರ್ಕ ಬೇಕು. ಉತ್ತರ ಕನ್ನಡದಲ್ಲಿ ಸಹ್ಯಾದ್ರಿಯ ಕಾಲುಗಳು ಕಡಲಿಗೇ ಇಳಿದಿವೆ. ಅಲ್ಲಿ ಸಮುದ್ರ, ಹಳೆಯ ರಸ್ತೆ, ರೈಲು ಹಳಿ, ಗುಡ್ಡ ಇಷ್ಟೂ ಪಕ್ಕಪಕ್ಕದಲ್ಲಿವೆ. ಅರ್ಗಾ ಬಳಿ ಸೀಬರ್ಡ್ ನೌಕಾನೆಲೆಗಾಗಿ ಹೆದ್ದಾರಿಯೇ ಸರಿದು ಜಾಗ ಬಿಟ್ಟಿದೆ, ಕಾರವಾರ ಮತ್ತು ಬಿಣಗಾ ನಡುವೆ ಸುರಂಗ ಕೊರೆಯಬೇಕಾಗಿ ಬಂದಿದೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಲ್ಲಿ ಹೊಸ ದಾರಿ ಎಲ್ಲಿಂದ ತರುವುದು? ಪೂರ್ವಕ್ಕೆ ಹೋದರೆ ದಟ್ಟ ಕಾಡು, ಪಶ್ಚಿಮಕ್ಕೆ ಹೋದರೆ ಕರಾವಳಿ ನಿಯಂತ್ರಣ ವಲಯ.

ಬೈಪಾಸ್ ಎಂಬ ಚಿಕ್ಕ ಹೊಸ ದಾರಿಯೂ ಎಷ್ಟು ಕಷ್ಟ ಎಂಬುದಕ್ಕೆ ಕೇರಳವನ್ನೇ ನೋಡಿ. ಕೊಲ್ಲಂ ಬೈಪಾಸ್ ಮತ್ತು ತಲಶೇರಿ ಮಾಹೆ ಬೈಪಾಸ್ ಎರಡರ ಯೋಚನೆಯೂ 1970ರ ದಶಕದ್ದು. ಮೊದಲನೆಯದು ಪೂರ್ತಿಯಾಗಿ ತೆರೆದದ್ದು 2019ರಲ್ಲಿ, ಎರಡನೆಯದು 2024ರ ಮಾರ್ಚ್‌ನಲ್ಲಿ. ಎರಡನೆಯದರ ಉದ್ದ 19 ಕಿಲೋಮೀಟರ್ ಕೂಡ ಇಲ್ಲ. ಆಲಪ್ಪುಳ ಬೈಪಾಸ್ ಏಳು ಕಿಲೋಮೀಟರಿಗಿಂತ ಕಡಿಮೆ. ಅದೂ 2021ರವರೆಗೆ ಕಾಯಬೇಕಾಯಿತು. ಜಾಗ ಗುರುತಿಸಿ, ನೋಟಿಸ್ ಕೊಟ್ಟು, ಹಣವಿಲ್ಲದೆ ಬಿಟ್ಟರೆ ಆ ಜಾಗದ ಮಾಲೀಕ ಮನೆ ಕಟ್ಟಲಾರ, ಮಾರಲಾರ, ಸಾಲ ಪಡೆಯಲಾರ. ಹೆದ್ದಾರಿಗಳ ಬಗ್ಗೆ ಬರೆಯುವವರು ಈ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ನನಗೆ ಇದು ತಡವಾದ ಕಾಮಗಾರಿಗಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಹಳೆಯ ದಾರಿಯನ್ನೇ ಅಗಲ ಮಾಡುವುದು ಅನಿವಾರ್ಯ ಎಂದು ಒಪ್ಪಿದರೂ, ಅದನ್ನು ಮಾಡುವ ರೀತಿಯಲ್ಲಿ ಎರಡು ಕಡೆ ನನಗೆ ಬಲವಾದ ತಕರಾರಿದೆ.

ಮೊದಲನೆಯದು ಸೇತುವೆ. ನಾಲ್ಕು ಪಥ ಮಾಡುವಾಗ ಹಳೆಯ ಸೇತುವೆಯನ್ನು ಉಳಿಸಿಕೊಂಡು ಪಕ್ಕದಲ್ಲಿ ಇನ್ನೊಂದು ಕಟ್ಟಿ, ಹೋಗುವವರಿಗೆ ಒಂದು, ಬರುವವರಿಗೆ ಒಂದು ಎಂದು ಹಂಚುವುದು ರೂಢಿ. ಖರ್ಚು ಅರ್ಧವಾಗುತ್ತದೆ. ಆದರೆ ಹಳೆಯದರ ಆಯಸ್ಸು ಹಳೆಯದೇ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು, ಎರಡು ಸಾರಿಗೆ ಬಸ್ಸುಗಳು ನದಿಯ ಪಾಲಾದವು. ಅಲ್ಲಿ ಪಕ್ಕದಲ್ಲೇ ಹೊಸ ಸೇತುವೆ ನಿಂತಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಲ್ಲೂ ಪಕ್ಕದಲ್ಲೇ ಹೊಸ ಸೇತುವೆ ನಿಂತಿತ್ತು. ಲಾರಿಯೊಂದು ನದಿಗೆ ಬಿದ್ದರೂ ಚಾಲಕ ಬದುಕಿದ್ದು ಪುಣ್ಯ. ಇದೇ ಹೆದ್ದಾರಿಯಲ್ಲಿ ಪಣಜಿಯ ಮಾಂಡೋವಿ ಸೇತುವೆ 1986ರಲ್ಲೇ ಬಿದ್ದು ಪಾಠ ಹೇಳಿತ್ತು. ಉಬ್ಬರದ ನೀರಿನ ಉಪ್ಪು ಕಾಂಕ್ರೀಟಿನ ಸಣ್ಣ ಬಿರುಕಿನೊಳಗೆ ಇಳಿದು ಉಕ್ಕಿನ ತಂತಿಯನ್ನು ತಿನ್ನುತ್ತದೆ. ಮೇಲೆ ನಿಂತು ನೋಡುವವನಿಗೆ ಬಣ್ಣ ಬಳಿದ ಅಂಚಿನ ಕಂಬಿ ಮಾತ್ರ ಕಾಣುತ್ತದೆ. ಅಳಿವೆಯ ಮೇಲಿನ ಹಳೆಯ ಸೇತುವೆಯನ್ನು ಚತುಷ್ಪಥದ ಅರ್ಧಭಾಗವಾಗಿ ಬಳಸಬೇಕಾದರೆ ಅದರ ಕಂಬದ ಬುಡ, ಬೇರಿಂಗ್, ಒಳಗಿನ ತಂತಿ ಇಷ್ಟನ್ನೂ ಪರೀಕ್ಷಿಸಿದ ವರದಿ ಸಾರ್ವಜನಿಕವಾಗಿರಬೇಕು. ಸಾವಿತ್ರಿಯ ಹೊಸ ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿದರು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯದು ಗುಡ್ಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ನಿಮ್ಮ ಬೈಂದೂರಿನ ಶಿರೂರು ಬೇರೆ) ಹೆದ್ದಾರಿಯ ಪಕ್ಕದ ಗುಡ್ಡ ಜಾರಿ ರಸ್ತೆಯನ್ನೂ ಚಹಾದ ಅಂಗಡಿಯನ್ನೂ ಅಲ್ಲಿ ನಿಂತಿದ್ದ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಆ ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಮನೆಗಳಿಗೂ ಬಡಿಯಿತು. ನಿಮ್ಮಂಥ ಚಾಲಕರು ವಿಶ್ರಾಂತಿಗೆ ನಿಲ್ಲಿಸುತ್ತಿದ್ದ ಜಾಗ ಅದು.

ಕರಾವಳಿಯ ಗುಡ್ಡವನ್ನು ಕಡಿದಾಗ ಏನು ಕಾಣುತ್ತದೆ ಎಂಬುದನ್ನು ಒಮ್ಮೆ ಗಮನಿಸಿ ನೋಡಿ. ಮೇಲೆ ಮುರಕಲ್ಲಿನ ಗಟ್ಟಿ ಪದರ, ಕೆಂಪಗೆ, ತೂತು ತೂತಾಗಿ. ಬೇಸಿಗೆಯಲ್ಲಿ ಇದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಕಡಿದವನಿಗೆ ಧೈರ್ಯ ಕೊಡುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣು. ನಮ್ಮ ಕಡೆ ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದಾಗ ಉಗುರಿಗೆ ಪುಡಿಯಾಗುತ್ತದೆ, ನೆನೆದಾಗ ಬೆಣ್ಣೆಯಂತೆ ಜಾರುತ್ತದೆ. ಅದರ ಅಡಿಯಲ್ಲಿ ಬಂಡೆ. ಮಳೆ ನೀರು ಮುರಕಲ್ಲಿನ ತೂತುಗಳಲ್ಲಿ ಸಲೀಸಾಗಿ ಇಳಿದು ಶೇಡಿ ಮಣ್ಣನ್ನು ತಲುಪಿ ಅಲ್ಲಿ ನಿಲ್ಲುತ್ತದೆ. ಗುಡ್ಡದ ಬುಡ ಕಡಿಯದೆ ಇದ್ದಾಗ ಮುಂದಿನ ಮಣ್ಣು ಅದನ್ನು ತಡೆದು ಹಿಡಿದಿರುತ್ತದೆ. ರಸ್ತೆ ಅಗಲ ಮಾಡಲು ಬುಡ ತೆಗೆದುಹಾಕಿದರೆ ಆ ಆಸರೆ ಹೋಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಸೀಮೆಯಲ್ಲಿ ಅದು ಮೊದಲ ಮಳೆಗಾಲದಲ್ಲೇ ಜಾರಬೇಕೆಂದಿಲ್ಲ. ಹಲವು ಮಳೆಗಾಲ ನಿಂತು ಆಮೇಲೂ ಜಾರಬಹುದು.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಎತ್ತರದ ಗುಡ್ಡವನ್ನು ಒಂದೇ ಏಟಿಗೆ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಟ್ಟು ಕಡಿಯಬೇಕು. ಪ್ರತಿ ಮೆಟ್ಟಿಲಿಗೂ ಒಂದು ಚರಂಡಿ, ಗುಡ್ಡದ ನೆತ್ತಿಯಲ್ಲಿ ನೀರನ್ನು ಬೇರೆಡೆಗೆ ತಿರುಗಿಸುವ ದೊಡ್ಡ ಚರಂಡಿ ಬೇಕು. ಒಳಗೆ ಕಟ್ಟಿಕೊಂಡ ನೀರು ಹೊರಬರಲು ಅಡ್ಡ ಕೊಳವೆಗಳು ಬೇಕು. ಮಣ್ಣಿಗೆ ಉದ್ದನೆಯ ಉಕ್ಕಿನ ಸರಳು ಹೊಡೆದು ಬಲೆ ಹಾಸಬಹುದು. ಆದರೆ ಮೆಟ್ಟಿಲಾಗಿ ಕಡಿಯಬೇಕಾದರೆ ಗುಡ್ಡದ ಕಡೆಗೆ ಇನ್ನೂ ಹಲವು ಮೀಟರ್ ಜಾಗ ಬೇಕು, ಅದು ಬಹಳ ಸಲ ಅರಣ್ಯ ಇಲಾಖೆಯದ್ದು ಅಥವಾ ಖಾಸಗಿಯವರದ್ದು. ಮತ್ತೆ ಅದೇ ಜಾಗದ ಮಾತು! ಸ್ವಾಧೀನವಾದ ಪಟ್ಟಿಯ ಅಂಚಿಗೆ ಸರಿಯಾಗಿ ನೆಟ್ಟಗೆ ಕಡಿದು, ಬುಡದಲ್ಲಿ ಎದೆಮಟ್ಟದ ಗೋಡೆ ಕಟ್ಟಿ ಮುಗಿಸುವುದು ಇದರಿಂದಲೇ. ಗುಡ್ಡದ ಇಳಿಜಾರೂ ರಸ್ತೆಯ ಅಂಗವೇ ಎಂದು ಬಗೆದು, ಅದಕ್ಕೆ ಬೇಕಾದಷ್ಟು ಜಾಗವನ್ನು ಮೊದಲ ಅಧಿಸೂಚನೆಯಲ್ಲೇ ಸೇರಿಸದೆ ಹೋದರೆ ಆರು ಪಥವಾಗಲಿ ನಾಲ್ಕು ಪಥವಾಗಲಿ ಮಳೆಗಾಲದಲ್ಲಿ ಮುಚ್ಚುವ ರಸ್ತೆಯಾಗುತ್ತದೆ.

ಕೇರಳದ ಆರು ಪಥ ನೋಡಿ ನಮಗೂ ಹಾಗೇ ಬೇಕು ಎನ್ನುವವರಿಗೆ ಇನ್ನೊಂದು ಸಂಗತಿ. 45 ಮೀಟರಿನೊಳಗೆ ಸುಮಾರು 27 ಮೀಟರಿನ ಮುಖ್ಯ ರಸ್ತೆ, ಎರಡೂ ಬದಿಗೆ ಸುಮಾರು ಏಳು ಮೀಟರಿನ ಸರ್ವಿಸ್ ರಸ್ತೆ, ಉಳಿದದ್ದರಲ್ಲಿ ಚರಂಡಿ ಮತ್ತು ಕೊಳವೆಗಳು. ಎಲ್ಲವನ್ನೂ ತುರುಕಬೇಕಾದ್ದರಿಂದ ಇಳಿಜಾರಿನ ಏರಿಗೆ ಬದಲು ನೆಟ್ಟಗಿನ ಗೋಡೆ ಕಟ್ಟಿ ನಡುವೆ ಮಣ್ಣು ತುಂಬಿ ರಸ್ತೆ ಎತ್ತರಿಸುತ್ತಾರೆ. ಇದರಿಂದ ಹಲವು ಊರುಗಳು ಎರಡು ಹೋಳಾಗಿವೆ. ಆಚೆ ಬದಿಯ ಶಾಲೆಗೆ ಹೋಗಲು ಮುಂದಿನ ಅಂಡರ್‌ಪಾಸ್‌ವರೆಗೆ ನಡೆಯಬೇಕು. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಗದ್ದೆಯ ಮೇಲೆ ಹೀಗೆ ಎತ್ತರಿಸಿದ ರಸ್ತೆ ಕುಸಿಯಿತು. ಗದ್ದೆಯ ಮೆದು ಮಣ್ಣಿಗೆ ಅಷ್ಟು ಭಾರ ತಡೆಯಲಾಗಲಿಲ್ಲ. ಅಂಥಲ್ಲಿ ಕಂಬಗಳ ಮೇಲೆ ರಸ್ತೆ ಒಯ್ಯುವುದೇ ಸರಿ. ದುಬಾರಿಯಾದರೂ ನೀರಿಗೂ ಜನರಿಗೂ ದಾರಿ ಉಳಿಯುತ್ತದೆ. ಬೈಂದೂರು, ಕುಂದಾಪುರದ ಬಯಲುಗದ್ದೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಗೆ ನಿಮ್ಮ ಮನೆ. ಆರು ಪಥಕ್ಕಾಗಿ ಮತ್ತೆ ಜಾಗ ಹೋಗುತ್ತದೆಯೇ ಎಂಬುದು ನಿಮ್ಮ ಊರಿನಲ್ಲಿ ಈಗಾಗಲೇ ಸ್ವಾಧೀನವಾಗಿರುವ ಅಗಲವನ್ನು ಅವಲಂಬಿಸಿದೆ. 45 ಮೀಟರ್ ಪೂರ್ತಿ ಸ್ವಾಧೀನವಾಗಿದ್ದರೆ ಕೇರಳದಲ್ಲಿ ಮಾಡಿದಂತೆ ಅದರೊಳಗೇ ಆರು ಪಥ ಕೂರಿಸಬಹುದು. ಅಂಡರ್‌ಪಾಸ್, ಕೂಡುರಸ್ತೆ, ಗುಡ್ಡದ ಇಳಿಜಾರು ಇರುವ ಕಡೆ ಮಾತ್ರ ಹೆಚ್ಚುವರಿ ಜಾಗ ಬೇಕಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಜಾಗ ಕೇಳುವುದು ಖಂಡಿತ. ಡಾಂಬರಿನ ಅಗಲ ಅಳೆದು ಇದನ್ನು ತಿಳಿಯಲಾಗದು. ನಿಮ್ಮ ಗ್ರಾಮದ ಸರ್ವೆ ನಂಬರುಗಳಿರುವ 3ಡಿ ಅಧಿಸೂಚನೆಯನ್ನು (ಜಾಗ ಸ್ವಾಧೀನವಾಯಿತು ಎಂದು ಸಾರುವ ಘೋಷಣೆ) ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಯಿಂದ ಪಡೆದು, ಸರ್ವೆ ನಕ್ಷೆಯೊಂದಿಗೆ ಹೋಲಿಸಿ ನೋಡಿ.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಮೊದಲು ಬರುವುದು 3ಎ ಅಧಿಸೂಚನೆ, ಅಂದರೆ ಜಾಗ ತೆಗೆದುಕೊಳ್ಳುವ ಉದ್ದೇಶವಿದೆ ಎಂಬ ಪ್ರಕಟಣೆ. ಅದು ಪ್ರಕಟವಾದ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಬಹಳ ಜನ ಈ ಗಡುವನ್ನು ತಪ್ಪಿಸಿಕೊಳ್ಳುತ್ತಾರೆ, ಆಮೇಲೆ ಪರಿತಪಿಸುತ್ತಾರೆ. ಒಂದು ವರ್ಷದೊಳಗೆ 3ಡಿ ಘೋಷಣೆ ಬಾರದಿದ್ದರೆ 3ಎ ಬಿದ್ದುಹೋಗುತ್ತದೆ. ಬಂದರೆ ಆ ಕ್ಷಣದಿಂದ ಜಾಗ ಕೇಂದ್ರ ಸರ್ಕಾರದ್ದು. ಪರಿಹಾರ ನಿಗದಿ 3ಜಿ ಅಡಿ. 2015ರ ಜನವರಿ 1ರಿಂದ ಹೆದ್ದಾರಿ ಸ್ವಾಧೀನಕ್ಕೂ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕವೇ ಅನ್ವಯ: ಮಾರುಕಟ್ಟೆ ಬೆಲೆ, ಗ್ರಾಮೀಣ ಪ್ರದೇಶವಾದರೆ ಅದನ್ನು ಹೆಚ್ಚಿಸುವ ಗುಣಕ, ಕಟ್ಟಡ ಮತ್ತು ಮರಗಳ ಬೆಲೆ, ಒಟ್ಟಿನ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಸಾಂತ್ವನದ ಹೆಚ್ಚುವರಿ ಹಣ. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಹಣ ಪಡೆದುಕೊಂಡೂ, ಒಪ್ಪಿಗೆಯಿಲ್ಲ ಎಂದು ಬರೆದುಕೊಟ್ಟು ಮಧ್ಯಸ್ಥಿಕೆ ಕೋರಬಹುದು.

ಅಧಿಸೂಚನೆ ಬರುವವರೆಗೆ ಕಾಯದೆ ಈಗಲೇ ಮಾಡಬಹುದಾದದ್ದು ಕೆಲವು ಇವೆ. ಮನೆಯ ತೆರಿಗೆ ರಸೀದಿ, ಕಟ್ಟಡ ಪರವಾನಗಿ, ಬಾವಿ, ತೆಂಗಿನ ಮರಗಳ ಫೋಟೊ ಎಲ್ಲವನ್ನೂ ದಿನಾಂಕ ಸಮೇತ ಜೋಡಿಸಿಡಿ. ಹೆದ್ದಾರಿಯ ಬದಿಯಲ್ಲಿ ಹೊಸ ಕಟ್ಟಡಕ್ಕೆ ಮಧ್ಯರೇಖೆಯಿಂದ ಇಂತಿಷ್ಟು ದೂರದ ನಿರ್ಬಂಧವಿದೆ. ಮನೆ ವಿಸ್ತರಿಸುವ ಮೊದಲು ಅದನ್ನು ವಿಚಾರಿಸಿಕೊಳ್ಳಿ, ಇಲ್ಲದಿದ್ದರೆ ಪರಿಹಾರದ ಹೊತ್ತಿಗೆ ಅದೇ ತಕರಾರಾಗುತ್ತದೆ. ನಿಮ್ಮ ಜಾಗದ ಹತ್ತಿರ ಮೋರಿ ಇದ್ದರೆ ಮಳೆಗಾಲದಲ್ಲಿ ಅದರ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಡಿಯೊ ಮಾಡಿ, ಯೋಜನಾ ಕಚೇರಿಗೆ ಅರ್ಜಿಯೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಿನ್ಯಾಸ ಮಾಡುವ ಸಲಹೆಗಾರರು ಸ್ಥಳ ನೋಡುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಮೋರಿಯ ಅಗಲ ಎಷ್ಟಿರಬೇಕು ಎಂಬುದಕ್ಕೆ ನಿಮ್ಮ ಆಷಾಢದ ವಿಡಿಯೊಗಿಂತ ಒಳ್ಳೆಯ ದಾಖಲೆ ಅವರಿಗೆ ಸಿಗುವುದಿಲ್ಲ.